ಬೂಟ್‌ಲೋಡರಿನಿಂದ ಕರ್ನಲಿಗೆ: ಒಂದು ಹಸ್ತಾಂತರದ ವಿಚಾರ

೧. ಪ್ರಶ್ನೆಯ ಸ್ವರೂಪ

ವಿದ್ಯುತ್ತು ಹರಿದೊಡನೆ ಗಣಕಯಂತ್ರವು ಎಚ್ಚರಗೊಳ್ಳುತ್ತದೆಂದು ನಾವು ವಾಡಿಕೆಯಾಗಿ ಹೇಳುತ್ತೇವೆ. ವಾಸ್ತವದಲ್ಲಿ ಹೀಗೆ ಎಚ್ಚರಗೊಳ್ಳುವುದು ಒಂದೇ ಕ್ರಮವಿಧಿಯಲ್ಲ. ಮೂರು ನಾಲ್ಕು ಕ್ರಮವಿಧಿಗಳು ಒಂದರ ಹಿಂದೆ ಒಂದರಂತೆ ಬರುತ್ತವೆ. ಪ್ರತಿಯೊಂದೂ ತನ್ನ ಮುಂದಿನದನ್ನು ಸ್ಮೃತಿಗೆ, ಎಂದರೆ ಮೆಮೊರಿಗೆ, ತಂದಿರಿಸಿ, ಅಧಿಕಾರವನ್ನು ಅದಕ್ಕೆ ಒಪ್ಪಿಸಿ ತಾನು ಮರೆಯಾಗುತ್ತದೆ. ಈ ಸಾಲಿನಲ್ಲಿ ಕಟ್ಟಕಡೆಯದು ಕಾರ್ಯನಿರ್ವಹಣ ವ್ಯವಸ್ಥೆಯ ತಿರುಳಾದ ಕರ್ನಲು. ಅದರ ಹಿಂದಿನದು ಬೂಟ್‌ಲೋಡರು. ಇವೆರಡರ ನಡುವೆ ಮಾತು ನಡೆಯುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ೨೦೧೩ರಲ್ಲಿ ಹೊರಬಂದ ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಬೋರ್ಡು ಅನೇಕ ಕಾಲೇಜುಗಳ ಪ್ರಯೋಗಶಾಲೆಗಳಿಗೆ ಪರಿಚಿತವಾದುದು. ಅದರ ಮೇಲಿರುವುದು ಆರ್ಮ್ ಜಾತಿಯ ಎಎಂ೩೩೫ಎಕ್ಸ್ ವರ್ಗದ ಪ್ರೊಸೆಸರು. ಸ್ಮೃತಿ ೫೧೨ ಮೆಗಾಬೈಟು. ವಿದ್ಯುತ್ತು ಬಂದಾಗ ಮೊದಲು ನಡೆಯುವುದು ಚಿಪ್ಪಿನೊಳಗೇ ಅಳಿಸಲಾಗದಂತೆ ಬರೆದಿರುವ ಒಂದು ಚಿಕ್ಕ ಕ್ರಮವಿಧಿ. ಆ ಹೊತ್ತಿಗೆ ಹೊರಗಿನ ದೊಡ್ಡ ಸ್ಮೃತಿಯು ಬಳಕೆಗೆ ಸಿದ್ಧವಾಗಿರುವುದಿಲ್ಲ. ಆದುದರಿಂದ ಅದು ಎಂಎಲ್‌ಒ ಎಂಬ ಪುಟ್ಟ ಕಡತವನ್ನು ಚಿಪ್ಪಿನ ಒಳಸ್ಮೃತಿಗೆ ತರುತ್ತದೆ. ಎಂಎಲ್‌ಒ ದೊಡ್ಡ ಸ್ಮೃತಿಯನ್ನು ಸಜ್ಜುಗೊಳಿಸಿ ಯು-ಬೂಟ್ ಎಂಬ ಪೂರ್ಣ ಬೂಟ್‌ಲೋಡರನ್ನು ಕರೆಯುತ್ತದೆ. ಯು-ಬೂಟ್ ಲಿನಕ್ಸ್ ಕರ್ನಲನ್ನು ಓದಿ, ಅದರ ಮೊದಲ ಆದೇಶಕ್ಕೆ ನೆಗೆಯುತ್ತದೆ. ಅಲ್ಲಿಗೆ ಅದರ ಆಯುಸ್ಸು ಮುಗಿಯಿತು.

ಹೀಗೆ ಕಣ್ದೆರೆದ ಕರ್ನಲಿಗೆ ಏನೇನು ಗೊತ್ತಿರುತ್ತದೆ? ಬಹಳ ಸ್ವಲ್ಪ. ಸ್ಮೃತಿಯು ಎಲ್ಲಿ ಆರಂಭವಾಗುತ್ತದೆ, ಎಷ್ಟು ಉದ್ದವಿದೆ. ಸಂದೇಶಗಳನ್ನು ಯಾವ ತಂತಿಯ ಮೇಲೆ ಕಳುಹಿಸಬೇಕು. ಮೂಲ ಕಡತವ್ಯವಸ್ಥೆಯು ಎಸ್‌ಡಿ ಕಾರ್ಡಿನಲ್ಲಿದೆಯೋ ಜಾಲದಾಚೆಯ ಮತ್ತೊಂದು ಯಂತ್ರದಲ್ಲಿದೆಯೋ, ಇದಾವುದನ್ನೂ ಅದು ತಾನಾಗಿ ಅರಿಯಲಾರದು. ಮೇಜಿನ ಮೇಲಿನ ಪಿಸಿಯಲ್ಲಿ ಈ ಕಷ್ಟ ಅಷ್ಟಾಗಿಲ್ಲ. ಅಲ್ಲಿ ಫರ್ಮ್‌ವೇರನ್ನು ಕೇಳಿ ತಿಳಿಯಬಹುದು. ಪಿಸಿಐ, ಯುಎಸ್‌ಬಿ ಮೊದಲಾದ ಮಾರ್ಗಗಳಲ್ಲಿರುವ ಸಾಧನಗಳು ತಮ್ಮ ಗುರುತನ್ನು ತಾವೇ ಹೇಳಿಕೊಳ್ಳುತ್ತವೆ. ಎಂಬೆಡೆಡ್ ಯಂತ್ರಗಳಲ್ಲಾದರೋ ಸಾಧನಗಳು ಚಿಪ್ಪಿನೊಳಗೆ ಗೊತ್ತಾದ ವಿಳಾಸಗಳಲ್ಲಿ ಮೌನವಾಗಿ ಕುಳಿತಿರುತ್ತವೆ. ಬೀಗಲ್‌ಬೋನಿನ ಮೊದಲ ಸರಣಿವಾಹಿನಿ, ಎಂದರೆ ಸೀರಿಯಲ್ ಪೋರ್ಟು, ಹದಿನಾರರ ಪದ್ಧತಿಯಲ್ಲಿ ೪೪ಇ೦೯೦೦೦ ಎಂಬ ವಿಳಾಸದಲ್ಲಿದೆ. ಅದನ್ನು ಹುಡುಕಿಕೊಂಡು ಹೋಗಲು ದಾರಿಯಿಲ್ಲ, ಯಾರಾದರೂ ಹೇಳಬೇಕು. ಹೇಳಬಲ್ಲುದು ಬೂಟ್‌ಲೋಡರೊಂದೇ. ಆದರೆ ಕರ್ನಲು ಕೇಳುವ ವೇಳೆಗೆ ಅದು ಉಳಿದಿರುವುದಿಲ್ಲ.

ಹೊಸ ಅಧಿಕಾರಿ ಬರುವ ಮುನ್ನವೇ ಹಳೆಯ ಅಧಿಕಾರಿ ವರ್ಗವಾಗಿ ಊರು ಬಿಟ್ಟಿದ್ದಾನೆಂದು ಭಾವಿಸೋಣ. ಇಬ್ಬರೂ ಎದುರುಬದುರು ಕುಳಿತು ಲೆಕ್ಕ ಒಪ್ಪಿಸುವ ಅವಕಾಶವಿಲ್ಲ. ಗೊತ್ತಾದ ಕಪಾಟಿನಲ್ಲಿ, ಗೊತ್ತಾದ ರೀತಿಯಲ್ಲಿ ಬರೆದಿಟ್ಟ ಪತ್ರವೊಂದೇ ಅವರ ನಡುವಣ ಸಂಬಂಧ. ಕಪಾಟು ಯಾವುದೆಂಬುದೂ ಪತ್ರದ ಕ್ರಮ ಯಾವುದೆಂಬುದೂ ಮೊದಲೇ ನಿಶ್ಚಯವಾಗಿರಬೇಕು. ಬೂಟ್‌ಲೋಡರಿಗೂ ಕರ್ನಲಿಗೂ ಇರುವ ಸಂಬಂಧವು ಇಂತಹುದೇ.

೨. ಹಸ್ತಾಂತರದ ಕ್ಷಣ

ಆರ್ಮ್ ಯಂತ್ರಗಳ ಮೇಲಿನ ಲಿನಕ್ಸಿನಲ್ಲಿ ಈ ಒಡಂಬಡಿಕೆಯನ್ನು ರಸೆಲ್ ಕಿಂಗ್ ಅವರು ೨೦೦೨ರ ಮೇ ತಿಂಗಳ ದಿನಾಂಕವುಳ್ಳ ಒಂದು ಚಿಕ್ಕ ಲೇಖದಲ್ಲಿ ನಿರೂಪಿಸಿದರು. ಅದು ಕರ್ನಲಿನ ಜೊತೆಗೇ ಬರುವ ಬರಹಗಳಲ್ಲಿ ಸೇರಿದೆ. ಅದರ ಸಾರವಿಷ್ಟು: ಕರ್ನಲಿಗೆ ನೆಗೆಯುವ ಕ್ಷಣದಲ್ಲಿ ಪ್ರೊಸೆಸರಿನ ಆರ್೦ ಎಂಬ ರಿಜಿಸ್ಟರಿನಲ್ಲಿ ಸೊನ್ನೆಯಿರಬೇಕು, ಆರ್೧ರಲ್ಲಿ ಯಂತ್ರದ ಜಾತಿಯನ್ನು ಸೂಚಿಸುವ ಸಂಖ್ಯೆ ಇರಬೇಕು, ಆರ್೨ರಲ್ಲಿ ವಾರ್ತೆಯನ್ನು ಬರೆದಿಟ್ಟಿರುವ ಸ್ಥಳದ ಭೌತ ವಿಳಾಸವಿರಬೇಕು. ಮೇಲಿನ ಉಪಮೆಯಲ್ಲಿ ಹೇಳುವುದಾದರೆ ಆರ್೨ ಎಂಬುದು ಕಪಾಟಿನ ಬೀಗದಕೈ.

ಭೌತ ವಿಳಾಸವೇ ಏಕೆ? ಕಲ್ಪಿತ ವಿಳಾಸಗಳನ್ನು ಭೌತ ವಿಳಾಸಗಳಿಗೆ ಹೊಂದಿಸುವ ಎಂಎಂಯು ಎಂಬ ಘಟಕವು ಆ ಹೊತ್ತಿನಲ್ಲಿ ನಿಂತಿರಬೇಕೆಂಬುದು ನಿಯಮ. ಕರ್ನಲು ತನ್ನ ಕೋಷ್ಟಕಗಳನ್ನು ತಾನೇ ಕಟ್ಟಿಕೊಂಡು ಅದನ್ನು ಮುಂದೆ ನಡೆಸುತ್ತದೆ. ಇದೇ ರೀತಿ ದತ್ತಾಂಶದ ಕ್ಯಾಷ್ ಕೂಡ ನಿಂತಿರಬೇಕು. ಬೂಟ್‌ಲೋಡರು ಬರೆದುದು ಕ್ಯಾಷಿನಲ್ಲೇ ಉಳಿದು ಸ್ಮೃತಿಗೆ ಇಳಿಯದಿದ್ದರೆ, ಕರ್ನಲು ಅಲ್ಲಿ ಹಳೆಯ ಕಸವನ್ನೇ ಓದೀತು. ಇಂಟರಪ್ಟುಗಳು ತಡೆಯಲ್ಪಟ್ಟಿರಬೇಕು.

ಇನ್ನೊಂದು ನಿಯಮವು ವಿಶೇಷವಾಗಿ ಗಮನಾರ್ಹವಾದುದು. ಪ್ರೊಸೆಸರಿನ ನೆರವಿಲ್ಲದೆ ತಾವೇ ನೇರವಾಗಿ ಸ್ಮೃತಿಗೆ ಬರೆಯಬಲ್ಲ ಸಾಧನಗಳನ್ನೆಲ್ಲ ಬೂಟ್‌ಲೋಡರು ಸುಮ್ಮನಾಗಿಸಿ ಹೋಗಬೇಕು. ಬೂಟ್‌ಲೋಡರು ಜಾಲದ ಮೂಲಕ ಕರ್ನಲನ್ನು ತರಿಸಿಕೊಂಡಿತೆಂದೂ ಜಾಲಸಾಧನವನ್ನು ನಿಲ್ಲಿಸಲು ಮರೆಯಿತೆಂದೂ ಊಹಿಸಿ. ಕರ್ನಲು ಓಡತೊಡಗಿದ ಮೇಲೆ ತಡವಾಗಿ ಬಂದ ಒಂದು ಪೊಟ್ಟಣವು ಅದರ ಸ್ಮೃತಿಯ ಮೇಲೆಯೇ ಬಂದು ಬೀಳಬಹುದು. ಇಂತಹ ದೋಷ ಒಂದು ದಿನ ತೋರಿ ಹತ್ತು ದಿನ ಮರೆಯಾಗುತ್ತದೆ. ಅದನ್ನು ಹಿಡಿಯುವುದು ಸುಲಭವಲ್ಲ.

೩. ಚೀಟಿಗಳ ಸರಣಿ

ಕಪಾಟಿನ ವಿಷಯವಾಯಿತು, ಇನ್ನು ಪತ್ರದ ವಿಷಯ. ಆರ್ಮ್ ಲಿನಕ್ಸಿನ ಆರಂಭದ ದಿನಗಳಲ್ಲಿ ಪತ್ರವು ಒಂದು ಸ್ಥಿರ ವಿನ್ಯಾಸದ ನಮೂನೆಯಾಗಿತ್ತು: ಇಂತಿಷ್ಟನೆಯ ಬೈಟಿನಲ್ಲಿ ಇಂತಹ ಸಂಗತಿ ಎಂದು ಕಟ್ಟುಮಾಡಿದ ಅರ್ಜಿಯ ಹಾಗೆ. ಅಚ್ಚಾದ ಅರ್ಜಿಯಲ್ಲಿ ಹೊಸದೊಂದು ಕಲಮನ್ನು ನಡುವೆ ಸೇರಿಸುವುದು ಹೇಗೆ ಕಷ್ಟವೋ ಇಲ್ಲಿಯೂ ಹಾಗೆಯೇ. ಸೇರಿಸಿದರೆ ಹಳೆಯ ಬೂಟ್‌ಲೋಡರು ಬರೆದುದನ್ನು ಹೊಸ ಕರ್ನಲು ತಪ್ಪಾಗಿ ಓದುತ್ತದೆ.

ಈ ತೊಡಕಿಗೆ ಪರಿಹಾರವಾಗಿ ಬಂದುದು ಎಟ್ಯಾಗ್ ಎಂಬ ಪದ್ಧತಿ. ಇದನ್ನು ಚೀಟಿಗಳ ಸರಣಿ ಎನ್ನಬಹುದು. ಪ್ರತಿ ಚೀಟಿಯ ತಲೆಯಲ್ಲಿ ಎರಡು ಪದಗಳಿರುತ್ತವೆ. ಇಲ್ಲಿ ಪದವೆಂದರೆ ೩೨ ಬಿಟ್ಟುಗಳ, ಎಂದರೆ ೪ ಬೈಟುಗಳ, ಒಂದು ಘಟಕ. ಮೊದಲ ಪದವು ಚೀಟಿಯ ಒಟ್ಟು ಉದ್ದವನ್ನು ಪದಗಳ ಲೆಕ್ಕದಲ್ಲಿ ಹೇಳುತ್ತದೆ. ಎರಡನೆಯದು ಚೀಟಿಯ ಜಾತಿಯನ್ನು ಹೇಳುತ್ತದೆ. ಸರಣಿಯು ಹದಿನಾರರ ಪದ್ಧತಿಯಲ್ಲಿ ೫೪೪೧೦೦೦೧ ಎಂಬ ಗುರುತಿನ ಚೀಟಿಯಿಂದ ಆರಂಭವಾಗಬೇಕು, ಸೊನ್ನೆಯ ಚೀಟಿಯಿಂದ ಮುಗಿಯಬೇಕು. ನಡುವೆ ಸ್ಮೃತಿಯ ಚೀಟಿಗೆ ೫೪೪೧೦೦೦೨, ಆಜ್ಞಾಪಂಕ್ತಿಯ ಚೀಟಿಗೆ ೫೪೪೧೦೦೦೯ ಎಂಬ ಗುರುತುಗಳಿವೆ. ಆಜ್ಞಾಪಂಕ್ತಿಯೆಂದರೆ ಕರ್ನಲಿಗೆ ಕೊಡುವ ಸೂಚನೆಗಳನ್ನು ಒಂದೇ ಸಾಲಿನಲ್ಲಿ ಪೋಣಿಸಿದ ಬರಹ. ಅದರ ವಿಚಾರ ಮುಂದೆ ಬರುತ್ತದೆ.

ಲೆಕ್ಕ ಮಾಡಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಹದಿನಾರರ ಪದ್ಧತಿಯ ೮೦೦೦೦೦೦೦ ವಿಳಾಸದಿಂದ ೫೧೨ ಮೆಗಾಬೈಟು ಸ್ಮೃತಿಯುಳ್ಳ ಒಂದು ಬೋರ್ಡಿಗೆ, 'ರೂಟ್=/ಡೆವ್/ಎಂಎಂಸಿಬಿಎಲ್‌ಕೆ೦ಪಿ೨' ಎಂಬ ಸೂಚನೆಯನ್ನು ಕೊಡಬೇಕಾಗಿದೆಯೆನ್ನೋಣ. ಮೂಲ ಕಡತವ್ಯವಸ್ಥೆಯು ಮೊದಲ ಎಸ್‌ಡಿ ಕಾರ್ಡಿನ ಎರಡನೆಯ ವಿಭಾಗದಲ್ಲಿದೆ ಎಂದು ಇದರ ಅರ್ಥ. ರೋಮನ್ ಲಿಪಿಯಲ್ಲಿ ಇದಕ್ಕೆ ೧೯ ಅಕ್ಷರಗಳು. ಮುಕ್ತಾಯದ ಸೊನ್ನೆ ಸೇರಿ ೨೦ ಬೈಟುಗಳು, ಎಂದರೆ ೫ ಪದಗಳು. ತಲೆಯ ಎರಡು ಪದಗಳನ್ನು ಕೂಡಿಸಿದರೆ ಈ ಚೀಟಿಯ ಉದ್ದ ೭ ಪದಗಳು. ಸ್ಮೃತಿಯ ಚೀಟಿಗೆ ತಲೆ ಎರಡು, ಗಾತ್ರ ಒಂದು, ಆರಂಭದ ವಿಳಾಸ ಒಂದು, ಹೀಗೆ ೪. ಆರಂಭದ ಚೀಟಿ ಖಾಲಿಯಾಗಿದ್ದರೆ ೨, ಕೊನೆಯದು ೨. ಒಟ್ಟು ೧೫ ಪದಗಳು, ೬೦ ಬೈಟುಗಳು. ಒಂದು ಯಂತ್ರದ ಎಚ್ಚರಕ್ಕೆ ಬೇಕಾದ ವಾರ್ತೆ ಇಷ್ಟರಲ್ಲಿ ಅಡಗಿತು.

ಈ ಪದ್ಧತಿಯ ಗುಣವೇನೆಂದರೆ, ತನಗೆ ತಿಳಿಯದ ಚೀಟಿಯೊಂದು ಎದುರಾದರೆ ಕರ್ನಲು ಅದರ ಉದ್ದವನ್ನು ನೋಡಿ ದಾಟಿಕೊಂಡು ಹೋಗಬಲ್ಲುದು. ಪತ್ರವು ತನ್ನ ವಿನ್ಯಾಸವನ್ನು ತಾನೇ ಹೇಳಿಕೊಳ್ಳುತ್ತದೆ. ಆದರೆ ಕೊರತೆಯೂ ಇತ್ತು. ಚೀಟಿಗಳು ಸ್ಮೃತಿಯನ್ನೂ ಆಜ್ಞೆಯನ್ನೂ ತಿಳಿಸಿದುವೇ ಹೊರತು ಬೋರ್ಡಿನ ಸಾಧನಗಳನ್ನು ವರ್ಣಿಸಲಿಲ್ಲ. ಆ ಜ್ಞಾನವೆಲ್ಲ ಆರ್೧ರಲ್ಲಿ ಬರುವ ಯಂತ್ರಸಂಖ್ಯೆಗೆ ಅನುಗುಣವಾಗಿ ಕರ್ನಲಿನ ಒಳಗೇ ಸಿ ಭಾಷೆಯಲ್ಲಿ ಬರೆದಿರಬೇಕಾಗಿತ್ತು. ಈ ಶತಮಾನದ ಮೊದಲ ವರ್ಷಗಳಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಸಿಂಪ್ಯೂಟರ್ ಎಂಬ ಕೈಗಣಕವೂ ಸ್ಟ್ರಾಂಗ್‌ಆರ್ಮ್ ಪ್ರೊಸೆಸರಿನ ಮೇಲೆ ಲಿನಕ್ಸನ್ನು ನಡೆಸಿತು. ಅಂತಹ ಯಂತ್ರಗಳು ಬೆರಳೆಣಿಕೆಯಷ್ಟಿದ್ದಾಗ ಈ ಏರ್ಪಾಡು ಸಾಕಾಗಿತ್ತು. ಆದರೆ ನೋಂದಾಯಿತ ಯಂತ್ರಸಂಖ್ಯೆಗಳು ಸಾವಿರಾರಾದವು. ಒಂದು ಬೋರ್ಡಿನಲ್ಲಿ ಒಂದು ತಂತಿ ಬದಲಾದರೂ ಹೊಸ ಸಂಖ್ಯೆ, ಹೊಸ ಕಡತ, ಹೊಸ ಕರ್ನಲು.

೪. ಸಾಧನವೃಕ್ಷ

೨೦೧೧ರ ಮಾರ್ಚಿ ತಿಂಗಳಲ್ಲಿ ಲಿನಕ್ಸಿನ ಕರ್ತೃವಾದ ಲಿನಸ್ ಟೊರ್ವಾಲ್ಡ್ಸ್ ಅವರು ಆರ್ಮ್ ವಿಭಾಗದ ಈ ಅವ್ಯವಸ್ಥೆಯನ್ನು ಬಹಿರಂಗವಾಗಿ, ಕಟುವಾದ ಮಾತುಗಳಲ್ಲಿಯೇ ಆಕ್ಷೇಪಿಸಿದರು. ಅನಂತರದ ವರ್ಷಗಳಲ್ಲಿ ಆರ್ಮ್ ಲಿನಕ್ಸು ಸಾಧನವೃಕ್ಷದ ಪದ್ಧತಿಗೆ ತಿರುಗಿತು. ಪದ್ಧತಿ ಹೊಸದೇನಲ್ಲ. ೧೯೯೪ರ ಐಇಇಇ ೧೨೭೫ ಎಂಬ ಮಾನಕದಲ್ಲಿ, ಓಪನ್ ಫರ್ಮ್‌ವೇರ್ ಎಂಬ ಹೆಸರಿನಲ್ಲಿ, ಅದರ ಮೂಲವಿದೆ. ಪವರ್‌ಪಿಸಿ ಯಂತ್ರಗಳ ಲಿನಕ್ಸು ಅದನ್ನು ಮೊದಲೇ ಅಳವಡಿಸಿಕೊಂಡಿತ್ತು.

ಸಾಧನವೃಕ್ಷವೆಂದರೆ ಯಂತ್ರದ ವರ್ಣನೆಯನ್ನು ಬೇರು, ಕೊಂಬೆ, ಎಲೆಗಳ ಕ್ರಮದಲ್ಲಿ ಬರೆದ ಒಂದು ದತ್ತಾಂಶಖಂಡ. ಬೇರಿನಲ್ಲಿ ಬೋರ್ಡಿನ ಹೆಸರು. ಕೊಂಬೆಗಳಲ್ಲಿ ಪ್ರೊಸೆಸರು, ಸ್ಮೃತಿ, ಮಾರ್ಗಗಳು. ಎಲೆಗಳಲ್ಲಿ ಒಂದೊಂದು ಸಾಧನ, ಅದರ ವಿಳಾಸ, ಅದರ ಇಂಟರಪ್ಟು. ಕರ್ನಲಿನಲ್ಲಿ ಬೆರೆತು ಹೋಗಿದ್ದ ಬೋರ್ಡಿನ ಜ್ಞಾನವು ಹೀಗೆ ಹೊರಗೆ ಬಂದು ಪತ್ರದೊಳಗೆ ಸೇರಿತು. ಒಂದೇ ಕರ್ನಲು ಹತ್ತಾರು ಬೋರ್ಡುಗಳ ಮೇಲೆ ನಡೆಯಲು ಸಾಧ್ಯವಾದುದು ಈ ಒಂದು ಬದಲಾವಣೆಯಿಂದ. ವೃಕ್ಷದಲ್ಲಿ 'ಚೋಸನ್' ಎಂಬ ವಿಶೇಷವಾದ ಕೊಂಬೆಯೊಂದಿದೆ. ಅದು ಯಾವ ಸಾಧನವನ್ನೂ ವರ್ಣಿಸುವುದಿಲ್ಲ. ಬೂಟ್‌ಲೋಡರು ಕರ್ನಲಿಗೆ ಹೇಳಬೇಕಾದುದನ್ನು ಬರೆಯುವ ಸ್ಥಳ ಅದು. ಅದರೊಳಗಿನ 'ಬೂಟ್‌ಆರ್ಗ್ಸ್' ಎಂಬ ಗುಣವಾಚಕದಲ್ಲಿಯೇ ಆಜ್ಞಾಪಂಕ್ತಿ ಇರುತ್ತದೆ.

ಹಳೆಯ ಕಪಾಟನ್ನು ಬದಲಾಯಿಸದೆ ಹೊಸ ಪತ್ರವನ್ನು ಅದರಲ್ಲಿಯೇ ಇಟ್ಟುದು ಈ ಪರಿವರ್ತನೆಯ ಜಾಣ್ಮೆ. ಸಾಧನವೃಕ್ಷದ ವಿಳಾಸವೂ ಆರ್೨ರಲ್ಲಿಯೇ ಬರುತ್ತದೆ. ಬಂದುದು ಚೀಟಿಗಳೋ ವೃಕ್ಷವೋ ಎಂಬುದನ್ನು ಕರ್ನಲು ಹೇಗೆ ತಿಳಿಯಬೇಕು? ವೃಕ್ಷದ ಮೊದಲ ಪದವು ಯಾವಾಗಲೂ ಹದಿನಾರರ ಪದ್ಧತಿಯ ಡಿ೦೦ಡಿಎಫ್‌ಇಇಡಿ ಎಂಬ ಸಂಖ್ಯೆ. ಕರ್ನಲು ತನ್ನ ಮೊದಲ ಕೆಲಸಗಳಲ್ಲೊಂದಾಗಿ ಆರ್೨ರ ವಿಳಾಸವು ನಾಲ್ಕರಿಂದ ಭಾಗವಾಗುತ್ತದೆಯೇ, ಅಲ್ಲಿ ಈ ಸಂಖ್ಯೆಯಿದೆಯೇ, ಇಲ್ಲವಾದರೆ ಚೀಟಿಯ ಆರಂಭದ ಗುರುತಿದೆಯೇ ಎಂದು ಪರೀಕ್ಷಿಸುತ್ತದೆ. ಯಾವುದೂ ಇಲ್ಲವಾದರೆ ಪತ್ರವೇ ಬಂದಿಲ್ಲವೆಂದು ಭಾವಿಸಿ ಆ ವಿಳಾಸವನ್ನು ಸೊನ್ನೆಯಾಗಿಸುತ್ತದೆ.

ಪತ್ರವನ್ನು ಇಡುವ ಜಾಗವನ್ನೂ ವಿವೇಕದಿಂದ ಆರಿಸಬೇಕು. ಸಂಕುಚಿತ ರೂಪದಲ್ಲಿ ಬಂದ ಕರ್ನಲು ತನ್ನನ್ನು ತಾನು ಬಿಚ್ಚಿಕೊಳ್ಳುವಾಗ ಪತ್ರದ ಮೇಲೆಯೇ ಹರಡಿಕೊಳ್ಳಬಹುದು. ಸ್ಮೃತಿಯ ಆರಂಭದಿಂದ ೧೨೮ ಮೆಗಾಬೈಟಿನ ಗಡಿಯನ್ನು ದಾಟಿದೊಡನೆ ಬರುವ ಸ್ಥಳ ಸುರಕ್ಷಿತವೆಂದು ಮೇಲೆ ಹೇಳಿದ ಬರಹದ ಇಂದಿನ ರೂಪವು ತಿಳಿಸುತ್ತದೆ. ಬೀಗಲ್‌ಬೋನಿನ ಸ್ಮೃತಿ ಆರಂಭವಾಗುವುದು ೮೦೦೦೦೦೦೦ದಲ್ಲಿ. ಯು-ಬೂಟು ವೃಕ್ಷಕ್ಕೆಂದು ಗೊತ್ತುಮಾಡಿರುವ ವಿಳಾಸ ೮೮೦೦೦೦೦೦. ವಿದ್ಯಾರ್ಥಿಗಳು ಕಳೆದು ನೋಡಿದರೆ ವ್ಯತ್ಯಾಸವು ಸರಿಯಾಗಿ ೧೨೮ ಮೆಗಾಬೈಟು ಆಗಿರುವುದನ್ನು ಕಾಣುವರು.

ಬೂಟ್‌ಲೋಡರನ್ನು ಬದಲಾಯಿಸಲಾಗದ ಹಳೆಯ ಸಾಧನಗಳ ಗತಿಯೇನು? ಅವು ಚೀಟಿಗಳನ್ನು ಮಾತ್ರ ಬರೆಯಬಲ್ಲವು. ಅವುಗಳಿಗಾಗಿ ವೃಕ್ಷವನ್ನು ಕರ್ನಲಿನ ಬಾಲಕ್ಕೆ ಅಂಟಿಸಿ, ಬಂದ ಚೀಟಿಗಳ ವಿಷಯವನ್ನು ಆ ವೃಕ್ಷಕ್ಕೆ ವರ್ಗಾಯಿಸುವ ಏರ್ಪಾಡು ಕರ್ನಲಿನಲ್ಲಿದೆ. ಈಚಿನ ೬೪ ಬಿಟ್ಟಿನ ಆರ್ಮ್ ಯಂತ್ರಗಳಲ್ಲಿ ಯಂತ್ರಸಂಖ್ಯೆಯೇ ಇಲ್ಲ. ಎಕ್ಸ್೦ ರಿಜಿಸ್ಟರಿನಲ್ಲಿ ವೃಕ್ಷದ ವಿಳಾಸ, ಅದರ ಮುಂದಿನ ಮೂರರಲ್ಲಿ ಸೊನ್ನೆ. ರಿಸ್ಕ್-ವಿ ಯಂತ್ರಗಳಲ್ಲಿ ಎ೦ ರಿಜಿಸ್ಟರಿನಲ್ಲಿ ಪ್ರೊಸೆಸರಿನ ಕ್ರಮಸಂಖ್ಯೆ, ಎ೧ರಲ್ಲಿ ವೃಕ್ಷದ ವಿಳಾಸ. ರಿಜಿಸ್ಟರುಗಳ ಹೆಸರು ಬೇರೆಯಾದರೂ ಒಡಂಬಡಿಕೆಯ ತತ್ತ್ವವೊಂದೇ.

೫. ಆಜ್ಞಾಪಂಕ್ತಿ

ಆಜ್ಞಾಪಂಕ್ತಿಯು ಖಾಲಿ ಜಾಗಗಳಿಂದ ಬೇರ್ಪಟ್ಟ ಸೂಚನೆಗಳ ಒಂದು ಸಾಲು. ೩೨ ಬಿಟ್ಟಿನ ಆರ್ಮ್ ಕರ್ನಲಿನಲ್ಲಿ ಅದರ ಮಿತಿ ೧೦೨೪ ಬೈಟು. ೬೪ ಬಿಟ್ಟಿನದರಲ್ಲಿ ೨೦೪೮. 'ಕನ್ಸೋಲ್' ಎಂಬ ಸೂಚನೆಯು ಸಂದೇಶಗಳು ಹೊರಬೀಳುವ ದಾರಿಯನ್ನೂ ವೇಗವನ್ನೂ, 'ರೂಟ್' ಎಂಬುದು ಮೂಲ ಕಡತವ್ಯವಸ್ಥೆಯ ಸ್ಥಳವನ್ನೂ, 'ಇನಿಟ್' ಎಂಬುದು ಮೊದಲು ನಡೆಸಬೇಕಾದ ಕ್ರಮವಿಧಿಯನ್ನೂ ತಿಳಿಸುತ್ತವೆ. ಕರ್ನಲು ಈ ಸಾಲನ್ನು ಆರಂಭದಲ್ಲಿಯೇ ತನ್ನದೇ ಆದ ಜಾಗಕ್ಕೆ ನಕಲು ಮಾಡಿಕೊಳ್ಳುತ್ತದೆ. ತನಗೆ ಅರ್ಥವಾಗದ ಸೂಚನೆಗಳನ್ನು ಬಹುಮಟ್ಟಿಗೆ ಇನಿಟ್ ಕ್ರಮವಿಧಿಗೆ ದಾಟಿಸಿಬಿಡುತ್ತದೆ. ಆದುದರಿಂದ ಒಂದು ಅಕ್ಷರ ತಪ್ಪಿದ ಸೂಚನೆಯು ಯಂತ್ರವನ್ನು ನಿಲ್ಲಿಸದೆಯೇ ನಿಷ್ಫಲವಾಗಬಹುದು.

ಇದರ ಪರಿಣಾಮ ಎಷ್ಟೆಂಬುದಕ್ಕೆ ಬೀಗಲ್‌ಬೋನೇ ಸಾಕ್ಷಿ. ಅದರ ಸರಣಿವಾಹಿನಿಗೆ ಒಂದು ಕಾಲದ ಕರ್ನಲುಗಳಲ್ಲಿ 'ಟಿಟಿವೈಒ೦' ಎಂಬ ಹೆಸರಿತ್ತು. ಮುಂದೆ ಚಾಲಕ ಕ್ರಮವಿಧಿ ಬದಲಾದಾಗ ಹೆಸರು 'ಟಿಟಿವೈಎಸ್೦' ಎಂದಾಯಿತು. ಹಳೆಯ ಹೆಸರನ್ನೇ ಇಟ್ಟುಕೊಂಡ ಆಜ್ಞಾಪಂಕ್ತಿಯಿಂದ ಹೊಸ ಕರ್ನಲನ್ನು ನಡೆಸಿದರೆ ಪರದೆಯ ಮೇಲೆ ಒಂದು ಅಕ್ಷರವೂ ಮೂಡದು. ಕರ್ನಲು ಒಳಗೆ ಸುಸೂತ್ರವಾಗಿ ನಡೆಯುತ್ತಿದ್ದರೂ ನೋಡುವವನಿಗೆ ಬೋರ್ಡು ಸತ್ತಂತೆ ತೋರುತ್ತದೆ. ಈ ಗೊಂದಲ ಎಷ್ಟು ವ್ಯಾಪಕವಾಗಬಹುದೆಂಬುದನ್ನು ಮನಗಂಡೇ, ಹಳೆಯ ಹೆಸರು ಕಂಡರೆ ಎಚ್ಚರಿಕೆ ಕೊಟ್ಟು ಹೊಸದಕ್ಕೆ ತಿರುಗಿಸುವ ಐಚ್ಛಿಕ ಏರ್ಪಾಡನ್ನು ಕರ್ನಲಿನಲ್ಲಿ ಸೇರಿಸಲಾಯಿತು.

೬. ನಂಬಿಕೆಯ ಪ್ರಶ್ನೆ

ಇಲ್ಲಿಯವರೆಗೆ ಪತ್ರವು ತಲುಪುವ ಬಗೆಯನ್ನು ವಿಚಾರಿಸಿದೆವು. ಅದನ್ನು ಬರೆದವರು ಯಾರು ಎಂಬ ಪ್ರಶ್ನೆ ಇನ್ನೂ ಉಳಿದಿದೆ, ಮತ್ತು ಅದೇ ಹೆಚ್ಚು ಗಂಭೀರವಾದುದು. ಮೇಲೆ ಹೇಳಿದ ಪರೀಕ್ಷೆಯು ಪತ್ರದ ಆಕಾರವನ್ನು ಮಾತ್ರ ನೋಡುತ್ತದೆ, ಅದರ ಸತ್ಯವನ್ನಲ್ಲ. ಪತ್ರದಲ್ಲಿ ಬರೆದುದನ್ನು ಕರ್ನಲು ನಂಬಲೇಬೇಕು. ಕೇಳೋಣವೆಂದರೆ ಬರೆದವನು ಇಲ್ಲ.

ಮನೆಯ ಜಾಲಪೆಟ್ಟಿಗೆಯೊಂದರ ಸರಣಿವಾಹಿನಿಯ ತಂತಿಗಳು ಒಬ್ಬನ ಕೈಗೆ ಸಿಕ್ಕಿದುವೆನ್ನೋಣ. ಯು-ಬೂಟು ಕರ್ನಲನ್ನು ಕರೆಯುವ ಮುನ್ನ ಕೆಲವು ಸೆಕೆಂಡು ಕಾಯುವಂತೆ ಏರ್ಪಾಡಾಗಿದ್ದರೆ, ಅವನು ಒಂದು ಕೀಲಿಯನ್ನೊತ್ತಿ ಅದನ್ನು ತಡೆದು, ಆಜ್ಞಾಪಂಕ್ತಿಗೆ 'ಇನಿಟ್=/ಬಿನ್/ಎಸ್‌ಎಚ್' ಎಂದು ಸೇರಿಸಬಹುದು. ಆಗ ಕರ್ನಲು ಗುಪ್ತಪದವನ್ನು ಕೇಳುವ ಕ್ರಮವಿಧಿಯ ಬದಲು ನೇರವಾಗಿ ಆಜ್ಞಾಸ್ವೀಕಾರಕವನ್ನು ನಡೆಸಿ, ಸರ್ವಾಧಿಕಾರವನ್ನು ಅವನಿಗೆ ಒಪ್ಪಿಸುತ್ತದೆ. ಪ್ರಯೋಗಶಾಲೆಯಲ್ಲಿ ಮರೆತ ಗುಪ್ತಪದವನ್ನು ಬದಲಾಯಿಸಲು ಇದೇ ಉಪಾಯ ನೆರವಾಗುತ್ತದೆ. ಬೀದಿಯಲ್ಲಿ ನಿಂತ ಯಂತ್ರಕ್ಕೆ ಇದೇ ಅಪಾಯ.

ಕರ್ನಲಿಗೂ ವೃಕ್ಷಕ್ಕೂ ಗಣಿತಬದ್ಧವಾದ ಸಹಿ ಹಾಕಿ, ಅದನ್ನು ಪರೀಕ್ಷಿಸಿದ ಮೇಲೆಯೇ ನಡೆಸುವ ಸೌಲಭ್ಯ ಯು-ಬೂಟಿನಲ್ಲಿದೆ. ಆದರೆ ಆಜ್ಞಾಪಂಕ್ತಿಯು ಸಾಮಾನ್ಯವಾಗಿ ಬರುವುದು ಯು-ಬೂಟಿನ ಪರಿಸರವೆಂಬ ಬೇರೆ ಜಾಗದಿಂದ. ಸಹಿಯ ಕಾವಲು ಅದಕ್ಕೆ ತಾನಾಗಿ ಒದಗುವುದಿಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲನ್ನು ತೆರೆದಿಟ್ಟಂತಾಗುತ್ತದೆ. ಇದನ್ನು ಮುಚ್ಚುವ ದಾರಿಗಳು ಕೆಲವಿವೆ. ಆಜ್ಞಾಪಂಕ್ತಿಯನ್ನು ಕರ್ನಲಿನೊಳಗೇ ಬರೆದು, ಹೊರಗಿನಿಂದ ಬಂದುದನ್ನು ಗಣಿಸದಂತೆ ಮಾಡಬಹುದು. ಯು-ಬೂಟಿನ ಕಾಯುವ ಅವಧಿಯನ್ನು ಋಣ ೨ ಎಂದು ನಿಗದಿಮಾಡಿ, ನಡುವೆ ತಡೆಯುವ ಅವಕಾಶವನ್ನೇ ತೆಗೆದುಹಾಕಬಹುದು. ಪರಿಸರವನ್ನು ಕಾರ್ಡಿನಿಂದ ಓದದೆ ಯು-ಬೂಟಿನಲ್ಲಿಯೇ ಅಡಕಮಾಡಬಹುದು. ಕ್ರೋಮ್ ಓಎಸ್ ವ್ಯವಸ್ಥೆಯಲ್ಲಿ ಆಜ್ಞಾಪಂಕ್ತಿಯನ್ನು ಕರ್ನಲಿನ ಜೊತೆಗಿಟ್ಟು ಎರಡಕ್ಕೂ ಒಟ್ಟಿಗೆ ಸಹಿ ಹಾಕುತ್ತಾರೆ. ಆದರೆ ಒಂದನ್ನು ಮರೆಯಬಾರದು. ಈ ಬಾಗಿಲುಗಳನ್ನು ಮುಚ್ಚಿದಷ್ಟೂ, ತಯಾರಕರು ಕೈಬಿಟ್ಟ ಯಂತ್ರವನ್ನು ಅದರ ಒಡೆಯನು ತಾನೇ ದುರಸ್ತಿಮಾಡಿಕೊಳ್ಳುವ ದಾರಿಯೂ ಮುಚ್ಚುತ್ತದೆ. ಎಲ್ಲಿ ಮುಚ್ಚಬೇಕು, ಎಲ್ಲಿ ತೆರೆದಿಡಬೇಕು ಎಂಬುದನ್ನು ಯಂತ್ರದ ಉಪಯೋಗವನ್ನು ನೋಡಿ ವಿನ್ಯಾಸಕಾರನು ನಿರ್ಣಯಿಸಬೇಕೇ ಹೊರತು, ಅದು ತನ್ನಷ್ಟಕ್ಕೆ ತಾನೇ ಆಗಲು ಬಿಡಬಾರದು.

೭. ಉಪಸಂಹಾರ

ಮೇಲಿನ ವಿವರಗಳಿಂದ ಒಂದು ಸಾಮಾನ್ಯ ತತ್ತ್ವ ಹೊರಪಡುತ್ತದೆ. ಸ್ಥಿರ ನಮೂನೆಯಿಂದ ಚೀಟಿಗಳಿಗೆ, ಚೀಟಿಗಳಿಂದ ವೃಕ್ಷಕ್ಕೆ ನಡೆದು ಬಂದ ದಾರಿಯೆಲ್ಲವೂ ಓದುವವನಲ್ಲಿ ಅಡಗಿದ್ದ ಜ್ಞಾನವನ್ನು ಪತ್ರದೊಳಕ್ಕೆ ತಂದ ದಾರಿ. ಪತ್ರವು ಹೆಚ್ಚು ಹೇಳಿದಷ್ಟೂ ಕರ್ನಲು ಹೆಚ್ಚು ಸಾಮಾನ್ಯವಾಗುತ್ತದೆ. ಅದರೊಡನೆಯೇ ಪತ್ರದ ಮೇಲಿನ ಅವಲಂಬನೆಯೂ ಬೆಳೆಯುತ್ತದೆ.

ಪ್ರಯೋಗಶಾಲೆಯಲ್ಲಿ ಇದನ್ನು ಕಣ್ಣಾರೆ ಕಾಣುವುದು ಕಷ್ಟವಲ್ಲ. ನಡೆಯುತ್ತಿರುವ ಲಿನಕ್ಸ್ ಯಂತ್ರದಲ್ಲಿ '/ಪ್ರಾಕ್/ಸಿಎಂಡಿಲೈನ್' ಎಂಬ ಕಡತವನ್ನು ಓದಿದರೆ ಕರ್ನಲಿಗೆ ಬಂದ ಆಜ್ಞಾಪಂಕ್ತಿಯೂ, '/ಪ್ರಾಕ್/ಡಿವೈಸ್-ಟ್ರೀ' ಎಂಬಲ್ಲಿ ವೃಕ್ಷವೂ ದೊರೆಯುತ್ತವೆ. ರಾಸ್ಪ್‌ಬೆರಿ ಪೈ ಇದ್ದವರು ಕಾರ್ಡಿನ ಮೊದಲ ವಿಭಾಗದಲ್ಲಿರುವ 'ಸಿಎಂಡಿಲೈನ್.ಟಿಎಕ್ಸ್‌ಟಿ' ಎಂಬ ಕಡತವನ್ನು ತೆರೆದು, ಅದರ ಸೂಚನೆಗಳನ್ನು ಒಂದೇ ಸಾಲಿನಲ್ಲಿಯೇ ಉಳಿಸಿಕೊಂಡು, ಒಂದನ್ನು ಬದಲಾಯಿಸಿ ಫಲವನ್ನು ನೋಡಬಹುದು. ಬೋರ್ಡು ಮೌನವಾಗಿದ್ದರೆ ಅದು ಕೆಟ್ಟಿದೆಯೆಂದು ತೀರ್ಮಾನಿಸುವ ಮುನ್ನ ವೃಕ್ಷವನ್ನು ಇಟ್ಟ ವಿಳಾಸ, ಚೋಸನ್ ಕೊಂಬೆಯ ಬರಹ, ಕನ್ಸೋಲಿನ ಹೆಸರು ಮತ್ತು ವೇಗ, ಈ ನಾಲ್ಕನ್ನು ಇದೇ ಕ್ರಮದಲ್ಲಿ ಪರೀಕ್ಷಿಸುವುದು ಒಳ್ಳೆಯದು.